ಕಿಟಕಿ ಇರೋ ಚಿಪ್ಪು

ಭಾನುವಾರ, ದಾವಣಗೆರೆ ಬಿಸಿಲು. ಹಳೇ ಕಂಪ್ಯೂಟರ್ ಬೋರ್ಡಿಗೆ ಅಂತ ತರಿಸಿದ ಐದು 27ಸಿ256 ಚಿಪ್ ಹಿಡಿದು ಕೂತಿದ್ದೆ. ಇವು ಮೆಮೊರಿ ಚಿಪ್; ಮೇಲಿರೋ ಗಾಜಿನ ಕಿಟಕಿಯಿಂದ ನೇರಳಾತೀತ (ಯುವಿ) ಬೆಳಕು ಬಿಟ್ಟರೆ ಬರೆದದ್ದು ಅಳಿಸಿಹೋಗುತ್ತೆ, ಮತ್ತೆ ಬರೀಬಹುದು. ಯುವಿ ದೀಪದ ಕೆಳಗೆ 20 ನಿಮಿಷ ಇಟ್ಟೆ. ಪೂರ್ತಿ ಅಳಿಸಿದ ಚಿಪ್ ಓದಿದರೆ ಬರೀ ಎಫ್‌ಎಫ್, ಅಂದರೆ ಖಾಲಿ ಅನ್ನೋ ಗುರುತು, ಬರಬೇಕು. ನಾಲ್ಕು ಸರಿ ಇದ್ದವು. ಐದನೆಯದು ಬರೆಯೋಕೆ ಹೋದಾಗಲೆಲ್ಲ ತಕರಾರು.

ಅದರ ಮೈಮೇಲೆ ಎಎಮ್‌ಡಿ ಅಂತ ಕಂಪನಿ ಹೆಸರು ಬರೆದಿದೆ. ಆದರೆ ಪ್ರೋಗ್ರಾಮರ್ (ಚಿಪ್ಪಿಗೆ ಬರೆಯೋ, ಓದೋ ಯಂತ್ರ) ಚಿಪ್ಪಿನೊಳಗಿನ ಗುರುತು ಓದಿದಾಗ ಮೊದಲ ಸಂಖ್ಯೆ 20 ಬಂತು. ಎಎಮ್‌ಡಿ ಆಗಿದ್ದರೆ 01 ಬರಬೇಕಿತ್ತು. 20 ಅಂದರೆ ಎಸ್‌ಟಿ ಕಂಪನಿಯದು! ಭೂತಗನ್ನಡಿ ಹಿಡಿದು ನೋಡಿದೆ. ಅಕ್ಷರ ಹೊಸದಾಗಿ ಮಿಂಚ್ತಿದೆ, ಕಾಲುಗಳ ಮೇಲೆ ಮಾತ್ರ ಹಳೇ ಬೆಸುಗೆಯ ಕಲೆ. ಯಾವುದೋ ಬೋರ್ಡಿನಿಂದ ಕಿತ್ತು, ಹೆಸರು ಬದಲಿಸಿ ಮಾರಿದ್ದಾರೆ.

ಹೆಸರು ಸುಳ್ಳಾದರೆ ವೋಲ್ಟೇಜೂ ತಪ್ಪಬಹುದು, ಅದೇ ಭಯ. ಇದೇ ಜಾತಿಯ ಹಳೇ ಚಿಪ್ 2732ಕ್ಕೆ ಬರೆಯಲು 25 ವೋಲ್ಟ್ ಬೇಕು, 2732ಎಗೆ 21 ಸಾಕು. ‘ಎ’ ಇಲ್ಲದ ಸುಳ್ಳು ಹೆಸರು ನಂಬಿ 2732ಎಗೆ 25 ಕೊಟ್ಟರೆ ಚಿಪ್ ಹೋಯ್ತು.

ಅವ್ವ ಮಂಡಕ್ಕಿ, ಮಿರ್ಚಿ ತಂದಿಟ್ಟು, ‘ಏನಪಾ ಅದು, ಕಿಟಕಿ ಇರೋ ಜಿರಲೆ?’ ಅಂದಳು. ‘ಹೆಸರು ಬದಲಿಸಿಕೊಂಡ ಜಿರಲೆ ಅವ್ವ’ ಅಂದೆ.

ಪ್ರೋಗ್ರಾಮರಿನಲ್ಲಿ ಎಸ್‌ಟಿ ಅಂತ ಆರಿಸಿ ಬರೆದೆ. ಸಲೀಸಾಗಿ ಬರೆಸಿಕೊಂಡಿತು. ಪಾಪ, ಚಿಪ್ಪು ಸುಳ್ಳು ಹೇಳಿರಲಿಲ್ಲ ಅಲ್ವಾ? ಕಿಟಕಿಗೆ ಸ್ಟಿಕ್ಕರ್ ಅಂಟಿಸಿ, ಅದರ ಮೇಲೆ ನಿಜವಾದ ಹೆಸರು ಬರೆದಿಟ್ಟಿದ್ದೇನೆ. ಮಿರ್ಚಿ ಮಾತ್ರ ತಣ್ಣಗಾಯ್ತು.