ತಪಸ್ಸುಕಾಲದಲ್ಲಿ ಜೆರುಸಲೇಮ್ ಯಾತ್ರೆ: ಬೇಡವೆಂದರೂ ಹಿಂದೆಗೆಯದ ಪ್ರೀತಿಯ ಜಾಡಿನಲ್ಲಿ

ತಪಸ್ಸುಕಾಲದಲ್ಲಿ ಜೆರುಸಲೇಮ್‌ಗೆ ಹೊರಡುವ ಯೋಚನೆಯಲ್ಲಿರುವವರಿಗೆ ನನ್ನ ಮೊದಲ ಸಲಹೆ, ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಅರ್ಧಕ್ಕಿಂತಲೂ ಕಡಿಮೆ ಮಾಡಿಕೊಳ್ಳಿ ಎಂಬುದು. ಬೂದಿ ಬುಧವಾರದಿಂದ ಪಾಸ್ಖಹಬ್ಬದವರೆಗಿನ (ಈಸ್ಟರ್) ಈ ದಿನಗಳು ಉಪವಾಸ, ಪ್ರಾರ್ಥನೆ, ದಾನಧರ್ಮಗಳ ಕಾಲವೆಂಬುದು ನಿಜ. ಆದರೆ ಇವು ದೇವರ ಪ್ರೀತಿಯನ್ನು ಸಂಪಾದಿಸುವ ಸಾಧನಗಳಲ್ಲ, ನಾವು ಕೇಳುವ ಮೊದಲೇ ನಮ್ಮ ಮೇಲಿರುವ ಪ್ರೀತಿಗೆ ಹೃದಯದ ಬಾಗಿಲು ತೆರೆದುಕೊಡುವ ದಾರಿಗಳು. ಹೀಗಾಗಿ ಯೇಸುಸ್ವಾಮಿಯನ್ನು ಜನರು ಬೇಡವೆಂದ, ಕೈಬಿಟ್ಟು ಓಡಿದ, ಅರಿಯೆನೆಂದ ಸ್ಥಳಗಳನ್ನಷ್ಟೇ ಆರಿಸಿಕೊಂಡು, ಒಂದೊಂದರಲ್ಲೂ ಸಾಕಷ್ಟು ಹೊತ್ತು ಕುಳಿತುಕೊಳ್ಳುವುದೆಂದು ನಮ್ಮ ಪುಟ್ಟ ತಂಡ ತೀರ್ಮಾನಿಸಿತ್ತು. ಈ ಕಾಲಕ್ಕೆ ಇದಕ್ಕಿಂತ ಒಳ್ಳೆಯ ಕಾರ್ಯಕ್ರಮ ಇನ್ನೊಂದಿಲ್ಲವೆಂದೇ ನಾನು ನಂಬಿದ್ದೇನೆ.

ಸಿದ್ಧತೆಯ ವಿಷಯ ಚುಟುಕಾಗಿ ಹೇಳುತ್ತೇನೆ. ಭಾರತೀಯರು ವೀಸಾವನ್ನು ಮೊದಲೇ ಪಡೆಯಬೇಕು; ಆ ಪ್ರದೇಶದ ಪರಿಸ್ಥಿತಿ ಬೇಗ ಬೇಗ ಬದಲಾಗುವುದರಿಂದ ಟಿಕೆಟ್ ಕಾಯ್ದಿರಿಸುವ ಮೊದಲು ಮತ್ತು ಹೊರಡುವ ಮುನ್ನ, ಎರಡು ಬಾರಿಯೂ ವಿದೇಶಾಂಗ ಸಚಿವಾಲಯದ ಸೂಚನೆಗಳನ್ನು ಓದಿ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಜೆರುಸಲೇಮ್‌ನಲ್ಲಿ ಚಳಿಯಿರುತ್ತದೆ, ಮಳೆಯೂ ಬರುತ್ತದೆ. ಹಳೆಯ ನಗರದ ಕಲ್ಲುಹಾಸು ಸವೆದು ನುಣುಪಾಗಿರುವುದರಿಂದ ಜಾರದ ಷೂ ಅತ್ಯಗತ್ಯ. ದೇವಾಲಯಗಳಲ್ಲಿ ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಬೇಕು. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಯೆಹೂದ್ಯರ ಸಬ್ಬತ್ ಇರುವುದರಿಂದ ಬಹುತೇಕ ಬಸ್ಸುಗಳು ಓಡುವುದಿಲ್ಲ. ಈಚಿನ ವರ್ಷಗಳಲ್ಲಿ ರಂಜಾನ್ ಮಾಸವೂ ತಪಸ್ಸುಕಾಲದಲ್ಲೇ ಬರುತ್ತಿದೆ, 2026ರಲ್ಲಂತೂ ಎರಡೂ ಫೆಬ್ರವರಿ 18ರ ಹೊತ್ತಿಗೇ ಆರಂಭ. ಅಂಥ ವರ್ಷಗಳ ಶುಕ್ರವಾರಗಳಂದು ಕೋಟೆಯ ಬಾಗಿಲುಗಳ ಬಳಿ ಭಾರೀ ಜನಸಂದಣಿ ಇರುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ಹೊರಡಿ.

ಯಾತ್ರೆಯನ್ನು ಎಣ್ಣೆಮರಗಳ (ಆಲಿವ್) ಗುಡ್ಡದಿಂದ ಆರಂಭಿಸಿ. ಮೇಲಕ್ಕೆ ಟ್ಯಾಕ್ಸಿಯಲ್ಲಿ ಹೋಗಿ ನಡೆದು ಇಳಿಯುವುದು ಸುಲಭ, ಆದರೂ ಇಳಿಜಾರು ಕಡಿದಾಗಿರುವುದರಿಂದ ಮಂಡಿನೋವು ಇರುವವರು ಊರುಗೋಲು ತರಲಿ. ಅರ್ಧ ದಾರಿಯಲ್ಲಿ ಡೊಮಿನುಸ್ ಫ್ಲೆವಿಟ್ (ಲ್ಯಾಟಿನ್‌ನಲ್ಲಿ ‘ಪ್ರಭು ಅತ್ತರು’) ಎಂಬ ಚಿಕ್ಕ ದೇವಾಲಯ ಸಿಗುತ್ತದೆ. ಯೇಸು ನಗರವನ್ನು ನೋಡಿ ಅತ್ತದ್ದರ ನೆನಪಿಗಾಗಿ ವಾಸ್ತುಶಿಲ್ಪಿ ಆಂಟೋನಿಯೊ ಬಾರ್ಲುಝಿ ಇದನ್ನು ಕಣ್ಣೀರ ಹನಿಯ ಆಕಾರದಲ್ಲಿ ರೂಪಿಸಿದರು. 1955ರಲ್ಲಿ ಇದು ಪೂರ್ಣಗೊಂಡಿತು. ಎಲ್ಲರೂ ಪೀಠದ ಹಿಂದಿನ ಕಿಟಕಿಯಿಂದ ಕಾಣುವ ನಗರದ ಚಿತ್ರ ತೆಗೆದುಕೊಂಡು ಹೊರಟುಬಿಡುತ್ತಾರೆ. ದಯವಿಟ್ಟು ಪೀಠದ ಮುಂಭಾಗವನ್ನು ನೋಡಿ. ಅಲ್ಲಿ ದುಂಡನೆಯ ಮೊಸಾಯಿಕ್ ಚಿತ್ರವೊಂದಿದೆ: ತಲೆಯ ಸುತ್ತ ಪ್ರಭೆಯಿರುವ ತಾಯಿಕೋಳಿಯೊಂದು ರೆಕ್ಕೆಗಳನ್ನು ಅಗಲಿಸಿ ನಿಂತಿದೆ, ಕೆಳಗೆ ಮರಿಗಳಿವೆ. ಕೋಳಿ ತನ್ನ ಮರಿಗಳನ್ನು ರೆಕ್ಕೆಯಡಿ ಕೂಡಿಸಿಕೊಳ್ಳುವಂತೆ ನಿನ್ನ ಮಕ್ಕಳನ್ನು ಕೂಡಿಸಿಕೊಳ್ಳಲು ಎಷ್ಟೋ ಸಲ ಮನಸ್ಸು ಮಾಡಿದೆನೆಂದು ಯೇಸು ಜೆರುಸಲೇಮನ್ನು ಕುರಿತು ಹೇಳಿದ ಮಾತು (ಮತ್ತಾಯ 23:37) ಲ್ಯಾಟಿನ್‌ನಲ್ಲಿ ವೃತ್ತದ ಅಂಚಿನಲ್ಲಿದೆ. ‘ನಿಮಗಾದರೋ ಮನಸ್ಸಿರಲಿಲ್ಲ’ ಎಂಬ ಕೊನೆಯ ಮಾತು ಮಾತ್ರ ವೃತ್ತದ ಹೊರಗೆ, ಮರಿಗಳ ಕಾಲಡಿಯಲ್ಲಿದೆ. ಮನಸ್ಸಿಲ್ಲದವರಿಗಾಗಿಯೂ ರೆಕ್ಕೆ ತೆರೆದೇ ಇದೆಯೆಂಬುದನ್ನು ನಾನು ಗುರುಗಳ ಎಷ್ಟೋ ಪ್ರಬೋಧನೆಗಳಲ್ಲಿ ಕೇಳಿದ್ದೆ, ಆ ಚಿತ್ರದ ಮುಂದೆ ಕುಳಿತಾಗ ಅದು ನನ್ನನ್ನೇ ಕುರಿತ ಮಾತಾಯಿತು. ಮಧ್ಯಾಹ್ನ ಈ ದೇವಾಲಯ ಕೆಲ ಹೊತ್ತು ಮುಚ್ಚಿರುತ್ತದೆ, ಬೆಳಗ್ಗೆಯೇ ಹೋಗಿ.

ಅಲ್ಲಿಂದ ಇಳಿದರೆ ಗುಡ್ಡದ ಬುಡದಲ್ಲಿ, ಬಂಧನಕ್ಕೆ ಮುನ್ನ ಯೇಸು ಪ್ರಾರ್ಥಿಸಿದ ಗೆತ್ಸೆಮನೆ. ತೋಟದಲ್ಲಿ ಎಂಟು ಪುರಾತನ ಎಣ್ಣೆಮರಗಳಿವೆ. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವುಗಳಲ್ಲಿ ಮೂರರ ಕಾಂಡಗಳು 12ನೆಯ ಶತಮಾನದ ಆಸುಪಾಸಿನವು. ಪಕ್ಕದ ದೇವಾಲಯವನ್ನು ಬಾರ್ಲುಝಿಯವರೇ 1924ರಲ್ಲಿ ಪೂರ್ಣಗೊಳಿಸಿದರು, ನೇರಳೆ ಛಾಯೆಯ ಕಿಟಕಿಗಳಿಂದಾಗಿ ಒಳಗೆ ಹಗಲಿನಲ್ಲೂ ಮಬ್ಬು ಬೆಳಕು. ಪೀಠದ ಮುಂದಿನ ಬಂಡೆಯ ಬಳಿ ಪ್ರಾರ್ಥಿಸಲು ಅವಕಾಶವಿದೆ. ಶಿಷ್ಯರು ನಿದ್ರಿಸುತ್ತಿದ್ದಾಗಲೂ ಅವರನ್ನು ಬಿಟ್ಟುಹೋಗದ ಗುರುವನ್ನು ನೆನೆಯಲು ಇದು ತಕ್ಕ ಜಾಗ.

ಆದರೆ ಒಂದೇ ಸ್ಥಳಕ್ಕೆ ಹೋಗಲು ಸಮಯವಿದೆಯೆಂದು ಯಾರಾದರೂ ಕೇಳಿದರೆ, ಸಿಯೋನ್ ಗುಡ್ಡದ ಪೂರ್ವದ ಇಳಿಜಾರಿನಲ್ಲಿರುವ, ಬಂಧನದ ರಾತ್ರಿ ಶಿಷ್ಯ ಪೇತ್ರನು ಯೇಸುವನ್ನು ಅರಿಯೆನೆಂದದ್ದರ ಸ್ಮಾರಕವಾದ ಗಲ್ಲಿಕಾಂಟು (ಲ್ಯಾಟಿನ್‌ನಲ್ಲಿ ‘ಕೋಳಿ ಕೂಗು’) ದೇವಾಲಯಕ್ಕೆ ಹೋಗಿ ಎನ್ನುತ್ತೇನೆ. ಹೆಚ್ಚಿನ ತಂಡಗಳು ನೆಲದಡಿಯ ಕಲ್ಲುಗುಂಡಿಯನ್ನೂ ಹೊರಗಿನ ಪುರಾತನ ಮೆಟ್ಟಿಲುಗಳನ್ನೂ ನೋಡಿ ಮುಗಿಸುತ್ತವೆ. ಕೆಳಗಿನ ಪ್ರಾರ್ಥನಾಲಯದಲ್ಲಿರುವ ಮೂರು ಪ್ರತಿಮಾಚಿತ್ರಗಳ ಮುಂದೆ ನಿಲ್ಲಿ: ಒಂದರಲ್ಲಿ ಪೇತ್ರನು ಅರಿಯೆನೆನ್ನುತ್ತಾನೆ, ಇನ್ನೊಂದರಲ್ಲಿ ಅಳುತ್ತಾನೆ, ಮತ್ತೊಂದರಲ್ಲಿ ಗಲಿಲೇಯ ಸರೋವರದ ದಡದಲ್ಲಿ ಪುನರುತ್ಥಾನಗೊಂಡ ಪ್ರಭುವನ್ನು ಎದುರುಗೊಳ್ಳುತ್ತಾನೆ. ಕೋಳಿ ಕೂಗಿದಾಗ ಪ್ರಭು ತಿರುಗಿ ಪೇತ್ರನನ್ನು ದೃಷ್ಟಿಸಿ ನೋಡಿದರೆಂದು ಲೂಕನು ಬರೆಯುತ್ತಾನೆ (22:61). ಆ ನೋಟದಲ್ಲಿ ಗದರಿಕೆಯಿದ್ದಿದ್ದರೆ ಪೇತ್ರನು ಸರೋವರದ ದಡದಲ್ಲಿ ನೀರಿಗೆ ಧುಮುಕಿ ಪ್ರಭುವಿನತ್ತ ಧಾವಿಸುತ್ತಿರಲಿಲ್ಲ. ಅಲ್ಲಿ ಯೇಸು ಹಳೆಯ ತಪ್ಪಿನ ಲೆಕ್ಕ ಕೇಳಲಿಲ್ಲ, ನನ್ನನ್ನು ಪ್ರೀತಿಸುತ್ತೀಯಾ ಎಂದಷ್ಟೇ ಮೂರು ಸಲ ಕೇಳಿದರು. ವರ್ಷಗಟ್ಟಲೆ ಪಾಪನಿವೇದನೆಯಿಂದ ದೂರ ಉಳಿದವರು, ದೇವರಿಗೆ ನನ್ನ ಮೇಲೆ ಕೋಪವಿದೆಯೆಂದು ಕುಗ್ಗಿದವರು, ಈ ಚಿತ್ರಗಳ ಮುಂದೆ ಯೋಹಾನನ ಶುಭಸಂದೇಶದ 21ನೆಯ ಅಧ್ಯಾಯವನ್ನು ನಿಧಾನವಾಗಿ ಓದಬೇಕೆಂಬುದು ನನ್ನ ಮನಃಪೂರ್ವಕ ಬಿನ್ನಹ. ಇಲ್ಲಿಗೆ ಪ್ರವೇಶ ಶುಲ್ಕವಿದೆ, ಕೈಯಲ್ಲಿ ಶೆಕೆಲ್ ಚಿಲ್ಲರೆ ಇರಲಿ, ಭಾನುವಾರ ಮುಚ್ಚಿರುತ್ತದೆ.

ಪ್ರತಿ ಶುಕ್ರವಾರ ಮಧ್ಯಾಹ್ನ ಫ್ರಾನ್ಸಿಸ್ಕನ್ ಗುರುಗಳು ಶಿಲುಬೆ ಹಾದಿ, ಅಂದರೆ ಯೇಸು ಶಿಲುಬೆ ಹೊತ್ತು ನಡೆದುದನ್ನು ಹದಿನಾಲ್ಕು ಸ್ಥಳಗಳಲ್ಲಿ ನಿಂತು ಧ್ಯಾನಿಸುವ ಪ್ರಾರ್ಥನೆ, ನಡೆಸುತ್ತಾರೆ. ಋತುವಿಗೆ ತಕ್ಕಂತೆ ವೇಳೆ ಬದಲಾಗುವುದರಿಂದ ಜಾಫಾ ಬಾಗಿಲಿನ ಸಮೀಪದ ಕ್ರೈಸ್ತ ಮಾಹಿತಿ ಕೇಂದ್ರದಲ್ಲಿ ವಿಚಾರಿಸಿ. ಹದಿನಾಲ್ಕು ಸ್ಥಳಗಳಲ್ಲಿ ಒಂಬತ್ತು ಬೀದಿಗಳಲ್ಲಿವೆ, ಉಳಿದವು ಪವಿತ್ರ ಸಮಾಧಿ ದೇವಾಲಯದಲ್ಲಿವೆ. ದಾರಿ ಕಿಕ್ಕಿರಿದ ಪೇಟೆಯ ನಡುವೆ ಸಾಗುತ್ತದೆ, ಪ್ರಾರ್ಥನೆಗಳು ಬೇರೆ ಭಾಷೆಗಳಲ್ಲಿರುತ್ತವೆ. ನಿಮ್ಮ ಕನ್ನಡ ಶಿಲುಬೆ ಹಾದಿ ಪುಸ್ತಕವನ್ನು ಜೊತೆಗೆ ಒಯ್ಯಿರಿ. ಮೌನವಾಗಿ ಪ್ರಾರ್ಥಿಸಬಯಸುವವರು ಇನ್ನೊಂದು ದಿನ ನಸುಕಿನಲ್ಲೇ ಪವಿತ್ರ ಸಮಾಧಿ ದೇವಾಲಯಕ್ಕೆ ಹೋಗಲಿ, ಪ್ರವಾಸಿ ತಂಡಗಳು ಬರುವ ಹೊತ್ತಿಗೆ ಅಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಬಾಗಿಲ ಬಲಕ್ಕೆ ಕಡಿದಾದ ಮೆಟ್ಟಿಲು ಹತ್ತಿದರೆ, ಯೇಸುವನ್ನು ಶಿಲುಬೆಗೇರಿಸಿದ ಜಾಗವೆನ್ನುವ ಕಲ್ವಾರಿ. ಪೀಠದಡಿ ಮೊಣಕಾಲೂರಿ ಬಂಡೆಯನ್ನು ಮುಟ್ಟಬಹುದು. ಮೆಟ್ಟಿಲು ಹತ್ತಲಾಗದ ಹಿರಿಯರು ಬೇಸರಪಡಬೇಕಿಲ್ಲ, ಕೆಳಗಿನ ಆದಾಮನ ಪ್ರಾರ್ಥನಾಲಯದಲ್ಲಿ ಅದೇ ಬಂಡೆ ಬಿರುಕುಸಹಿತ ಗಾಜಿನ ಹಿಂದೆ ಕಾಣುತ್ತದೆ.

ಕನ್ನಡದಲ್ಲಿ ಪಾಪನಿವೇದನೆ ಮಾಡಬೇಕೆಂದಿದ್ದರೆ ಕನ್ನಡ ಬಲ್ಲ ಗುರುಗಳೊಬ್ಬರನ್ನು ತಂಡದ ಜೊತೆಯಲ್ಲೇ ಕರೆದೊಯ್ಯುವುದು ಉತ್ತಮ. ಅವರಿದ್ದರೆ ಈ ಪವಿತ್ರ ಸ್ಥಳಗಳಲ್ಲಿ ನಮ್ಮ ಭಾಷೆಯಲ್ಲೇ ಬಲಿಪೂಜೆ ಅರ್ಪಿಸಲೂಬಹುದು. ತಪಸ್ಸುಕಾಲದಲ್ಲಿ ಬೇಡಿಕೆ ಹೆಚ್ಚಿರುವುದರಿಂದ ಫ್ರಾನ್ಸಿಸ್ಕನ್ ಯಾತ್ರಿಕರ ಕಚೇರಿಯಲ್ಲಿ ಆದಷ್ಟು ಮುಂಚಿತವಾಗಿ ಸಮಯ ಕಾಯ್ದಿರಿಸಿ.