ಕಿಚ್ಚಿಲ್ಲದ ಸಂಕ್ರಾಂತಿ

"ಅಮ್ಮ, ನಾವು ಯಾವ ಹಸುವಿಗೆ ಕಿಚ್ಚು ಹಾಯಿಸುವುದು?"

ಮಗಳು ಕೇಳಿದಾಗ ನಾನು ಕೊಬ್ಬರಿ ಹೆಚ್ಚುತ್ತಿದ್ದೆ. ಕಿಟಕಿಯಾಚೆ ನ್ಯೂಜೆರ್ಸಿಯ ಪ್ಲೇನ್ಸ್‌ಬರೋ ಹಿಮ ಹೊದ್ದು ಮಲಗಿತ್ತು. ಹೊಸಿಲಾಚೆ ಬಿಟ್ಟ ರಂಗೋಲಿಯನ್ನು ಜನವರಿಯ ಗಾಳಿ ಆಗಲೇ ಒಯ್ದಿತ್ತು. ಇಲ್ಲಿ ಬೆಳಿಗ್ಗೆ ಎಂಟು. ಮಂಡ್ಯದ ಕಡೆಯ ನಮ್ಮೂರಿನಲ್ಲಿ ಬೀದಿಗೆ ಹುಲ್ಲು ಹರಡುವ ಹೊತ್ತು. ಎಳ್ಳು, ಅಚ್ಚುಬೆಲ್ಲ, ಅವರೆಕಾಳು, ಗೇಣುದ್ದದ ಕಬ್ಬು ಕೂಡ ಅಂಗಡಿಯಲ್ಲಿ ಸಿಕ್ಕಿತ್ತು. ಹಸುವನ್ನು ಎಲ್ಲಿಂದ ತರಲಿ?

ಎಳ್ಳು ಬೀರಲು ಪಕ್ಕದ ಮನೆಗೆ ಹೋದಾಗ ಅಲ್ಲಿನ ಅಜ್ಜಿಯನ್ನೂ ಮಗಳು ಅದನ್ನೇ ಕೇಳಿದಳು. ಅವರ ಮುಖ ಅರಳಿತು. ಈ ಊರು ಹೆಸರಾದದ್ದೇ ವಾಕರ್-ಗಾರ್ಡನ್ ಡೇರಿಯ ಹಸುಗಳಿಂದಂತೆ. 1930ರಲ್ಲಿ ಅಲ್ಲಿ ತಿರುಗುವ ಕಟ್ಟೆಯೊಂದನ್ನು ಕಟ್ಟಿದರು. ಒಂದೇ ಸಲಕ್ಕೆ 50 ಹಸುಗಳು ಅದರ ಮೇಲೇರಿ, ಒಂದು ಸುತ್ತು ಬರುವಷ್ಟರಲ್ಲಿ ಹಾಲು ಕೊಟ್ಟು ಇಳಿಯುತ್ತಿದ್ದವು. ಚಿಕ್ಕಂದಿನಲ್ಲಿ ಗಾಜಿಗೆ ಮೂಗೊತ್ತಿ ನೋಡಿದ್ದರಂತೆ ಅಜ್ಜಿ. 1971ರಲ್ಲಿ ಡೇರಿ ಮುಚ್ಚಿತು. ಈಗ ಆ ಜಾಗದಲ್ಲೆಲ್ಲ ಮನೆಗಳು.

"ಒಂದು ಹಸು ಇನ್ನೂ ಇದೆ, ಬನ್ನಿ" ಎಂದು ಅವರೇ ಕಾರು ತೆಗೆದರು.

ಇದ್ದದ್ದು ಒಂದು ಸಮಾಧಿ ಕಲ್ಲು. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಜನರ ಕಣ್ಮಣಿಯಾಗಿದ್ದ ಎಲ್ಸಿ ಎಂಬ ಜರ್ಸಿ ಹಸುವಿನದು, 1941ರಲ್ಲಿ ಸತ್ತಿತಂತೆ. ಅಜ್ಜಿ ಬಗ್ಗಿ, ಕೈಗವಸಿನಿಂದ ಹಿಮ ಒರೆಸಿದರು. ಮಗಳು ಅರಿಸಿನ ಕುಂಕುಮ ಇಟ್ಟು, ಒಂದು ಚಿಟಿಕೆ ಎಳ್ಳುಬೆಲ್ಲ ಹಾಕಿದಳು. ಬಿಳಿ ಹಿಮದ ಮೇಲೆ ಕುಂಕುಮ ಸ್ವಲ್ಪ ಸ್ವಲ್ಪವೇ ಹರಡಿತು.

ಮಧ್ಯಾಹ್ನ ಮನೆ ತುಂಬ ಜನ. ಪೊಂಗಲು ಬಡಿಸಿದೆ, ಮಕ್ಕಳಿಗೆ ಆರತಿ ಎತ್ತಿದೆ. ಕಣ್ಣ ಮುಂದೆ ಮಾತ್ರ ಕೆಂಚಿ. ಅದೂ ಜರ್ಸಿಯೇ. ಕೊಂಬಿಗೆ ಬಣ್ಣ ಬಳಿಯುವಾಗ ಅಪ್ಪನ ಹೆಗಲಿಗೆ ಗದ್ದ ಊರಿ ನಿಲ್ಲುತ್ತಿತ್ತು. ಮಂಡಿನೋವಿನಲ್ಲೂ ಅಪ್ಪ ಹುಲ್ಲು ಹೊರುತ್ತಿದ್ದುದನ್ನು ಕೇಳಿ, "ಮಾರಿಬಿಡಪ್ಪ, ಪ್ಯಾಕೆಟ್ ಹಾಲು ತರಿಸಿಕೊ" ಎಂದವಳು ನಾನು. ಹೋದ ವರ್ಷ ಮಾರಿದರು. ಅಂದಿನಿಂದ ಫೋನಿನಲ್ಲಿ ಕೆಂಚಿಯ ಹೆಸರನ್ನು ಇಬ್ಬರೂ ಎತ್ತಿಲ್ಲ.

ರಾತ್ರಿ ಫೋನ್ ಮಾಡಿ ಸಮಾಧಿಯ ವಿಷಯ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

"ಹಸುವಿಗೆ ಕಲ್ಲು ನೆಟ್ಟಿದ್ದಾರೆಯೇ?" ಎಂದರು. ಆಮೇಲೆ, "ಕೆಂಚಿಯ ಹಗ್ಗ ಇನ್ನೂ ಗೂಟದಲ್ಲೇ ಇದೆ, ಮಗಳೇ. ಬಿಚ್ಚಿಲ್ಲ."