ಪರೀಕ್ಷೆ ಮುಗಿಯಲಿ ಅಂತ ಕಾಯುವುದಿಲ್ಲ

ಊರಿಗೆ ಹೋದಾಗಲೆಲ್ಲ ಚಿಗವ್ವ ಒಂದೇ ಪ್ರಶ್ನೆ ಕೇಳುತ್ತಾಳೆ. "ಓದಿ ಓದಿ ಸೊರಗೀಯಲ್ಲವ್ವಾ, ಒಂದೀಟಾರ ಸುಖ ಐತೋ ಇಲ್ಲೋ ನಿನಗ?" ಐತಿ ಚಿಗವ್ವಾ, ಭಾಳ ಐತಿ ಅನ್ನುತ್ತೇನೆ. ಅವಳು ನಂಬುವುದಿಲ್ಲ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಬರೆಯೋಣ ಅನ್ನಿಸಿತು.

ನಾನು ಕೊಪ್ಪಳದಲ್ಲಿ ಎಂಬಿಬಿಎಸ್ ಮೂರನೇ ವರ್ಷ ಓದುತ್ತಿದ್ದೇನೆ. ನಮ್ಮದು ಸಿಂಧನೂರು ಹತ್ತಿರದ ಹಳ್ಳಿ. ಕೊಪ್ಪಳದ ಮೆಡಿಕಲ್ ಕಾಲೇಜು ಶುರುವಾಗಿದ್ದು 2015ರಲ್ಲಿ. ಬೆಳಿಗ್ಗೆ ವಾರ್ಡ್, ಮಧ್ಯಾಹ್ನ ಕ್ಲಾಸ್, ಸಂಜೆ ಲೈಬ್ರರಿ, ರಾತ್ರಿ ಮತ್ತೆ ಪುಸ್ತಕ. ದಿನ ಹೀಗೇ ಹೋಗುತ್ತದೆ.

ಮೊದಲ ವರ್ಷದಲ್ಲಿ ಎಲ್ಲರೂ "ಅನಾಟಮಿ ಮುಗೀಲಿ, ಆಮೇಲೆ ಆರಾಮಾಗಿ ಇರೋಣ" ಅನ್ನುತ್ತಿದ್ದರು. ಎರಡನೇ ವರ್ಷದಲ್ಲಿ ಅದು ಪ್ಯಾಥಾಲಜಿ, ಫಾರ್ಮಕಾಲಜಿ ಆಯಿತು. ಮುಂದೆ ಫೈನಲ್ ಇಯರ್ ಇದೆ, ಇಂಟರ್ನ್‌ಶಿಪ್ ಇದೆ, ನೀಟ್ ಪಿಜಿ ಇದೆ. ಪಿಜಿಗೆ ಸೇರಿದವರನ್ನು ನೋಡಿದರೆ ಅವರಿಗೆ ಊಟಕ್ಕೂ ಪುರುಸೊತ್ತಿಲ್ಲ. ಹಾಗಾದರೆ ಈ ಆರಾಮು ಬರುವುದು ಯಾವಾಗ? ನನ್ನ ಲೆಕ್ಕದಲ್ಲಿ ಅದು ತಾನಾಗಿ ಬರುವುದೇ ಇಲ್ಲ. ಇವತ್ತಿನ ದಿನದೊಳಗೇ, ಹತ್ತಿಪ್ಪತ್ತು ನಿಮಿಷದ ಸಂದಿಯಲ್ಲಿ ಅದನ್ನು ಹುಡುಕಿಕೊಳ್ಳಬೇಕು. ಸಿಕ್ಕ ಮೇಲೆ ಜೋಪಾನ ಮಾಡಬೇಕು.

ಕೊಪ್ಪಳದಲ್ಲಿ ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ಬಿಸಿಲು ಮಾಮೂಲು. ತಂಪಿರುವುದು ನಸುಕಿನಲ್ಲಿ ಮಾತ್ರ. ಐದೂವರೆಗೆ ಎದ್ದು, ಚಹಾ ಕಾಸಿಕೊಂಡು ಹಾಸ್ಟೆಲ್ ಮಾಳಿಗೆ ಹತ್ತುತ್ತೇನೆ. ಎತ್ತ ನೋಡಿದರೂ ಬಂಡೆಗಲ್ಲಿನ ಗುಡ್ಡ. ಬೆಳಕು ಮೊದಲು ಆ ಬಂಡೆಗಳ ನೆತ್ತಿಗೆ ಬೀಳುತ್ತದೆ, ಊರಿಗೆ ಇಳಿಯುವುದು ಆಮೇಲೆ. ಚಹಾ ಮುಗಿಯುವವರೆಗೆ ನಾನು ಪುಸ್ತಕ ತೆಗೆಯುವುದಿಲ್ಲ. ನನ್ನ ರೂಮ್‌ಮೇಟ್ ಪುತ್ತೂರಿನವಳು. "ಅಷ್ಟೊತ್ತಿಗೆ ನಾಲ್ಕು ಪೇಜ್ ಓದ್ಬಹುದಿತ್ತು ಮಾರಾಯ್ತಿ" ಅನ್ನುತ್ತಾಳೆ. ಆ ನಾಲ್ಕು ಪೇಜ್ ರಾತ್ರಿಯೂ ಓದಬಹುದು. ಆದರೆ ಈ ಗಾಳಿ ರಾತ್ರಿ ಎಲ್ಲಿಂದ ಬರಬೇಕು? ಸುಟ್ಟ ಗೋಡೆಗಳು ಹನ್ನೊಂದರವರೆಗೆ ಧಗೆ ಬಿಡುತ್ತಲೇ ಇರುತ್ತವೆ.

ಬಿಸಿಲಿನಿಂದ ಒಂದು ಉಪಕಾರವೂ ಆಗುತ್ತದೆ ಅನ್ನಿ. ಏಪ್ರನ್ ಒಗೆದು ಹಾಕಿದರೆ ಸ್ವಲ್ಪ ಹೊತ್ತಿಗೇ ಗರಿಗರಿ ಒಣಗುತ್ತದೆ. ಒಗೆದ ಏಪ್ರನ್ ತೊಟ್ಟು, ಕೊರಳಿಗೆ ಸ್ಟೆಥೋ ಹಾಕಿಕೊಂಡು ವಾರ್ಡಿಗೆ ಹೊರಡುವ ಖುಷಿ ನನಗೆ ಇನ್ನೂ ಕಮ್ಮಿಯಾಗಿಲ್ಲ.

ವಾರ್ಡಿನ ಮಾತಿಗೆ ಬಂದೆ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನನ್ನ ದೊಡ್ಡ ಖುಷಿಗಳು ಸಿಕ್ಕಿದ್ದು ಅಲ್ಲೇ.

ಮೆಡಿಸಿನ್ ಪೋಸ್ಟಿಂಗ್‌ನಲ್ಲಿದ್ದಾಗ ಒಬ್ಬ ಅವ್ವನಿಗೆ ಮೈಟ್ರಲ್ ಸ್ಟೆನೋಸಿಸ್ ಇತ್ತು, ಅಂದರೆ ಹೃದಯದ ಒಂದು ಕವಾಟ ಕಿರಿದಾಗುವ ಕಾಯಿಲೆ. ಚಿಕ್ಕಂದಿನಲ್ಲಿ ಕೆಲವರಿಗೆ ಗಂಟಲು ನೋವಿನ ಹಿಂದೆ ರುಮ್ಯಾಟಿಕ್ ಜ್ವರ ಬರುತ್ತದೆ. ಕೀಲು ನೋವು ನಾಲ್ಕು ದಿನ ಇದ್ದು ಹೋಗುತ್ತದೆ, ಮನೆಯವರು ಮರೆತೂ ಬಿಡುತ್ತಾರೆ. ಆದರೆ ಹೃದಯದ ಕವಾಟಕ್ಕೆ ಏಟು ಬಿದ್ದಿರುತ್ತದೆ. ಎಡಗಡೆಯ ಎರಡು ಕೋಣೆಗಳ ನಡುವಿನ ಕವಾಟ ವರ್ಷ ಕಳೆದಂತೆ ಗಡುಸಾಗಿ ಕಿರಿದಾಗುತ್ತದೆ. ಆ ಸಣ್ಣ ಬಾಯಿಯಿಂದ ರಕ್ತ ನುಗ್ಗುವಾಗ ಒಂದು ಸದ್ದು ಹುಟ್ಟುತ್ತದೆ. ಅದನ್ನೇ ಮರ್ಮರ್ ಅನ್ನುವುದು. ತುಂಬಾ ಕೆಳದನಿಯ ಸದ್ದು. ಸ್ಟೆಥೋದ ಅಗಲ ಬಿಲ್ಲೆಯಲ್ಲಿ ಕೇಳುವುದು ಕಷ್ಟ, ಸಣ್ಣ ಬೆಲ್ ಕಡೆ ತಿರುಗಿಸಿ ಹಗುರವಾಗಿ ಇಡಬೇಕು. ರೋಗಿಯನ್ನು ಎಡ ಮಗ್ಗುಲಿಗೆ ಹೊರಳಿಸಬೇಕು, ಉಸಿರು ಹೊರಗೆ ಬಿಟ್ಟು ಹಿಡಿಯಲು ಹೇಳಬೇಕು.

ಮೊದಲ ದಿನ ನನಗೆ ಲಬ್‌ಡಬ್ ಬಿಟ್ಟರೆ ಏನೂ ಕೇಳಲಿಲ್ಲ. ಮರುದಿನ ಬೇಗ ಹೋದೆ. ವಾರ್ಡಿನಲ್ಲಿ ಗದ್ದಲ ಇರಲಿಲ್ಲ. "ಇನ್ನೊಮ್ಮಿ ಕೇಳ್ಲೇನ್ರೀ ಅವ್ವಾ?" ಅಂದೆ. ಅವಳು ತಾನೇ ಎಡಕ್ಕೆ ಹೊರಳಿದಳು. ಎಷ್ಟು ಹುಡುಗರು ಕೇಳಿ ಹೋಗಿದ್ದರೋ, ಏನು ಮಾಡಬೇಕು ಅಂತ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಕಣ್ಣು ಮುಚ್ಚಿ ಬೆಲ್ ಇಟ್ಟೆ. ಡಬ್ ಆದ ಮೇಲೆ, ಮುಂದಿನ ಲಬ್‌ಗೂ ಮೊದಲು, ಊರಾಚೆಯ ಅಕ್ಕಿ ಗಿರಣಿ ರಾತ್ರಿ ಹೊತ್ತಲ್ಲಿ ಕೇಳಿದ ಹಾಗೆ ಒಂದು ಗುಡುಗುಡು. ಸಿಕ್ಕಿತು! ಕಣ್ಣು ತೆಗೆದರೆ ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. "ಏನ್ ಅಂತೈತಿ ಯವ್ವಾ ಒಳಗ?" ಅಂತ ಕೇಳಿದಳು. ಕವಾಟದ ವಿಷಯ ನನಗೆ ತಿಳಿದ ಮಾತಿನಲ್ಲಿ ಹೇಳಿದೆ. ಬಾಗಿಲು ಪೂರ್ತಿ ತೆರೆಯುತ್ತಿಲ್ಲ, ಅದಕ್ಕೇ ಮೆಟ್ಟಿಲು ಹತ್ತಿದರೆ ನಿಮಗೆ ದಮ್ಮು ಬರುತ್ತದೆ ಅಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. ತನ್ನ ಮೈಯನ್ನು ಹೀಗೆ ನಮ್ಮ ಪಾಠಕ್ಕೆ ಬಿಟ್ಟುಕೊಡುವ ಈ ಜನರ ಋಣ ದೊಡ್ಡದು. ನಮ್ಮಲ್ಲಿ ಕೆಲವರು ಕೇಳದೆಯೇ ಹೊದಿಕೆ ಸರಿಸಿ ಸ್ಟೆಥೋ ಇಡುತ್ತಾರೆ. ನನಗೆ ಅದು ಸ್ವಲ್ಪವೂ ಹಿಡಿಸುವುದಿಲ್ಲ.

ಇನ್ನೊಂದು ಖುಷಿ ಕ್ಯಾಜುವಾಲ್ಟಿಯದು. ಮಳೆಗಾಲದಲ್ಲಿ ಹೊಲಗದ್ದೆ ಕೆಲಸ ಶುರುವಾದರೆ ಹಾವು ಕಡಿದವರು ಬರುತ್ತಾರೆ. ಕೊಳಕುಮಂಡಲದ ವಿಷ ಏರಿದರೆ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ಅದನ್ನು ತಿಳಿಯಲು ದೊಡ್ಡ ಮಷಿನ್ ಬೇಕಿಲ್ಲ. ಶುದ್ಧವಾದ, ಒಣಗಿದ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಆಮೇಲೆ ಓರೆ ಮಾಡಿ ನೋಡುವುದು. ನೀರಿನಂತೆ ಹರಿದರೆ ವಿಷ ಏರಿದೆ, ಆಂಟಿವೆನಮ್ ಅನ್ನುವ ವಿಷನಿವಾರಕ ಮದ್ದು ಬೇಕು. ಗಟ್ಟಿಯಾಗಿ ನಿಂತರೆ ಸದ್ಯಕ್ಕೆ ಉಸಿರು ಬಿಡಬಹುದು. ಆದರೂ ಬಿಡದೆ ಮತ್ತೆ ಮತ್ತೆ ಟೆಸ್ಟ್ ಮಾಡುತ್ತಿರಬೇಕು.

ಒಂದು ರಾತ್ರಿ ಆ ಟ್ಯೂಬು ಕಾಯುವ ಕೆಲಸ ನನಗೆ ಬಂತು. ಕಡಿಸಿಕೊಂಡಿದ್ದವನು ಹುಡುಗ, ಪಕ್ಕದಲ್ಲಿ ಅವನ ಅಪ್ಪ. ಟ್ಯೂಬು ಗಡಿಯಾರದ ಕೆಳಗೆ ಸ್ಟ್ಯಾಂಡಿನಲ್ಲಿತ್ತು. ಅಪ್ಪ ಗಡಿಯಾರ ನೋಡುವುದು, ನನ್ನನ್ನು ನೋಡುವುದು. ಹೊತ್ತಾದ ಮೇಲೆ ಸೀನಿಯರ್ ಓರೆ ಮಾಡಿದರು. ರಕ್ತ ಕದಲಲಿಲ್ಲ. "ಗಟ್ಟಿ ಆಗೇತ್ರಿ" ಅಂತ ನಾನೇ ಅಪ್ಪನಿಗೆ ಹೇಳಿದೆ. ಆ ಮನುಷ್ಯ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟ. ಆ ರಾತ್ರಿ ನನಗೆ ನಿದ್ದೆ ಕಮ್ಮಿಯಾಯಿತು. ಆದರೂ ಬೆಳಿಗ್ಗೆ ಮೈ ಹಗುರಾಗಿತ್ತು.

ಹೊಟ್ಟೆಯ ವಿಷಯ ಬಿಟ್ಟರೆ ನಮ್ಮ ಕಡೆಯವಳು ಅನ್ನಿಸಿಕೊಳ್ಳುವುದು ಹೇಗೆ? ಸಂಜೆ ಕ್ಲಾಸ್ ಬಿಟ್ಟ ಮೇಲೆ ಲೈಬ್ರರಿಗೆ ಹೋಗುವ ಮೊದಲು ಒಗ್ಗರಣೆ, ಮಿರ್ಚಿ, ಅರ್ಧ ಚಹಾ. ಒಗ್ಗರಣೆ ಅಂದರೆ ನಮ್ಮಲ್ಲಿ ಮಂಡಾಳಿನದು, ಅಂದರೆ ಮಂಡಕ್ಕಿಯದು. ಮಂಡಾಳನ್ನು ನೀರಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸುತ್ತಾರೆ. ಆ ಹಿಟ್ಟು ಬೀಳದಿದ್ದರೆ ರುಚಿ ಕೂಡುವುದಿಲ್ಲ. ಮಿರ್ಚಿಗೆ ಉದ್ದನೆಯ ತಿಳಿಹಸಿರು ಮೆಣಸಿನಕಾಯಿಯೇ ಬೇಕು. ಕಡಲೆಹಿಟ್ಟಿಗೆ ಅಜವಾನ ಬಿದ್ದಿರಬೇಕು, ಎಣ್ಣೆಯಿಂದ ತೆಗೆದ ಕೂಡಲೇ ಪೇಪರಿಗೆ ಬರಬೇಕು. ಬಂಡಿಯ ಅಣ್ಣ ನಮ್ಮ ಗುಂಪು ದೂರದಲ್ಲಿ ಕಂಡರೇ ಹಿಟ್ಟು ಕಲಸಲು ಶುರು ಮಾಡುತ್ತಾನೆ. "ಬರ್ರಿ ಡಾಕ್ಟ್ರ, ಬಿಸೇವು ಅದಾವ" ಅನ್ನುತ್ತಾನೆ. ಇನ್ನೂ ಡಾಕ್ಟರ್ ಆಗದವರಿಗೆ ಹಾಗೆ ಕರೆಯುವವನು ಅವನೊಬ್ಬನೇ! ಪುತ್ತೂರಿನ ಗೆಳತಿ ಮೊದಲ ವರ್ಷ ಮಿರ್ಚಿಯ ಬರೀ ಹಿಟ್ಟು ತಿಂದು ಮೆಣಸಿನಕಾಯಿ ಬದಿಗಿಡುತ್ತಿದ್ದಳು. ಈಗ ಕಾಯಿ ಸಮೇತ ಮುಗಿಸುತ್ತಾಳೆ. ಅಲ್ಲಿ ಯಾರೂ ಸಿಲಬಸ್ ಮಾತು ಎತ್ತುವಂತಿಲ್ಲ ಅಂತ ನಮ್ಮಲ್ಲಿ ಒಪ್ಪಂದ ಇದೆ.

ಎರಡನೇ ವರ್ಷದ ಒಂದು ಖುಷಿ ಈಗ ಇಲ್ಲ, ಅದನ್ನು ನೆನೆಸಿಕೊಳ್ಳುತ್ತೇನೆ. ಪ್ಯಾಥಾಲಜಿ ರೆಕಾರ್ಡ್ ಬರೆಯುವುದು, ಅಂದರೆ ಸ್ಲೈಡಿನಲ್ಲಿ ಕಂಡದ್ದನ್ನು ಬಣ್ಣದ ಪೆನ್ಸಿಲ್‌ನಲ್ಲಿ ಬಿಡಿಸುವುದು. ಮೈಕ್ರೋಸ್ಕೋಪಿನಲ್ಲಿ ಸ್ಲೈಡ್ ಕಾಣುವುದು ಗುಲಾಬಿ ಮತ್ತು ನೇರಳೆ ಬಣ್ಣದಲ್ಲಿ. ಹೆಮಟಾಕ್ಸಿಲಿನ್ ಬಣ್ಣ ಜೀವಕೋಶದ ನ್ಯೂಕ್ಲಿಯಸ್ಸನ್ನು ನೇರಳೆ ಮಾಡುತ್ತದೆ, ಇಯೋಸಿನ್ ಉಳಿದದ್ದನ್ನು ಗುಲಾಬಿ ಮಾಡುತ್ತದೆ. ಹಾಗಾಗಿ ನಮ್ಮ ಪೆನ್ಸಿಲ್‌ಗಳೂ ಅವೆರಡೇ ಬಣ್ಣದವು. ಎಲ್ಲರೂ ಬೇಸರದ ಕೆಲಸ ಅನ್ನುತ್ತಿದ್ದರು. ನಾನು ಮಾತ್ರ ಊಟ ಆದ ಮೇಲೆ ಒಂದೊಂದೇ ನ್ಯೂಕ್ಲಿಯಸ್ ತುಂಬುತ್ತಾ ಕೂತರೆ ತಲೆಯೊಳಗಿನ ಗದ್ದಲ ಎಲ್ಲ ನಿಲ್ಲುತ್ತಿತ್ತು. ಆ ಪೆನ್ಸಿಲ್ ತುಂಡುಗಳು ಇನ್ನೂ ನನ್ನ ಡಬ್ಬಿಯಲ್ಲಿವೆ, ಈಗ ಫಾರೆನ್ಸಿಕ್ ಪುಸ್ತಕಕ್ಕೆ ಗೆರೆ ಎಳೆಯುತ್ತವೆ.

ಹಳ್ಳಿ ಭೇಟಿಯೂ ನನಗೆ ಇಷ್ಟ. ಮೊದಲ ವರ್ಷದಿಂದಲೇ ಒಬ್ಬೊಬ್ಬ ವಿದ್ಯಾರ್ಥಿಗೆ ಕೆಲವು ಮನೆಗಳನ್ನು ಕೊಡುತ್ತಾರೆ. ಆ ಮನೆಯವರ ಬಿಪಿ, ಸಕ್ಕರೆ, ಮಕ್ಕಳ ತೂಕ ಎಲ್ಲ ನೋಡಿ ಬರೆದಿಡಬೇಕು. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಿಯಮ. ಹಲ್ಲು ಮೂಡುವ ವಯಸ್ಸಿನಲ್ಲಿ ಅಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ದೊಡ್ಡವರಾಗುವವರೆಗೂ ಅದೇ ನೀರಾದರೆ ಬೆನ್ನು, ಮೊಣಕಾಲು ಬಿಗಿಯುತ್ತವೆ. ಪುಸ್ತಕದಲ್ಲಿ ಇದು ಒಂದು ಪ್ಯಾರಾ. ನಾನು ಹೋಗುವ ಮನೆಯಲ್ಲಿ ಒಬ್ಬಳು ಹುಡುಗಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಇದು ನೀರಿನಿಂದ ಆಗಿದ್ದು, ನೀನು ಹಲ್ಲು ತಿಕ್ಕದ್ದಕ್ಕಲ್ಲ ಅಂತ ಅವಳಿಗೂ ಅವಳ ಅವ್ವನಿಗೂ ಕೂತು ಹೇಳಿದೆ. ಈಗ ನಾನು ಹೋದರೆ ಆ ಹುಡುಗಿ ಕೈ ಅಡ್ಡ ಹಿಡಿಯುವುದಿಲ್ಲ. ಅಜ್ಜಿ ಮಜ್ಜಿಗೆ ಕೊಟ್ಟು, "ಮೊದ್ಲ ನನ್ ಬಿಪಿ ನೋಡು" ಅಂತ ತೋಳು ಚಾಚುತ್ತಾಳೆ.

ಊರಿಗೆ ಹೋಗುವುದು ಈಗ ಸಲೀಸು. 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ರೈಲು ಬಂತು. ಗಿಣಿಗೇರಾದಲ್ಲಿ ತಿರುಗಿ, ಗಂಗಾವತಿ, ಕಾರಟಗಿ ದಾಟಿದರೆ ಎರಡೂ ಕಡೆ ಭತ್ತದ ಗದ್ದೆ. ಆ ಪ್ರಯಾಣದಲ್ಲಿ ಓದುವುದಿಲ್ಲ, ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡುತ್ತೇನೆ. ಅದೇ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಅಪ್ಪನ ದನಿ ಫೋನಿನಲ್ಲಿ ಸಣ್ಣದಾಗಿತ್ತು. ನಮ್ಮ ಭತ್ತ ನಿಂತಿರುವುದೇ ಎಡದಂಡೆ ಕಾಲುವೆ ನೀರಿನ ಮೇಲೆ. ಹರಿಯುವ ನೀರಿನಲ್ಲೇ ಅಲ್ಲಿಗೆ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲಿಗೆ ನೀರು ತಡೆಯುವ ಉಕ್ಕಿನ ಹಲಗೆ, ಇಳಿಸಿ ನೀರು ಉಳಿಸಿದರು. ಆಮೇಲೆ ಮಳೆಯೂ ಬಂತು. "ಕಾಲುವಿಗೆ ನೀರ್ ಐತಿ, ನೀ ಓದ್ಕೋ" ಅಂತ ಅಪ್ಪ ಅಂದಾಗ ಆದ ಸಂತೋಷವನ್ನು ನಾನು ಯಾವ ಪರೀಕ್ಷೆಯ ರಿಸಲ್ಟ್‌ನಲ್ಲೂ ಕಂಡಿಲ್ಲ.

ಬಿಡುವಿರುವ ಭಾನುವಾರ ಗವಿಮಠದ ಗುಡ್ಡಕ್ಕೆ ಹೋಗುತ್ತೇವೆ. ಅಲ್ಲಿ ಬಂಡೆಯ ಮೇಲೆ ಅಶೋಕನ ಶಾಸನ ಇದೆ, ಕ್ರಿ.ಪೂ. 3ನೇ ಶತಮಾನದ್ದು. ಜಗತ್ತಿಗೆ ಗೊತ್ತಾಗಿದ್ದು 1931ರಲ್ಲಿ. ಬ್ರಾಹ್ಮಿ ಲಿಪಿ ನನಗೆ ಓದಲು ಬರುವುದಿಲ್ಲ, ಆದರೆ ಅದರ ಅರ್ಥ ಓದಿಕೊಂಡಿದ್ದೇನೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಆದರೆ ಒಂದು ವರ್ಷ ಹೆಚ್ಚು ಶ್ರಮ ಪಡಲಿಲ್ಲ, ಆಮೇಲೆ ಚೆನ್ನಾಗಿ ಶ್ರಮಪಟ್ಟೆ ಅಂತ ಅದರಲ್ಲಿ ಇದೆ. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಶ್ರಮಪಟ್ಟರೆ ಸ್ವರ್ಗ ಸಿಗುತ್ತದೆ ಅಂತಲೂ ಇದೆ. ಅಷ್ಟು ದೊಡ್ಡ ರಾಜ ಇದನ್ನು ಕಲ್ಲಿನಲ್ಲಿ ಬರೆಸಿದನಲ್ಲ! ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಮ್ಮಿ ಬಂದು ಸಪ್ಪಗಿದ್ದ ಗೆಳತಿಯನ್ನು ಒಮ್ಮೆ ಅಲ್ಲಿಗೇ ಕರೆದುಕೊಂಡು ಹೋಗಿ ಇದನ್ನು ಹೇಳಿದೆ. ಇಳಿಯುವಾಗ ಅವಳು ಮಾತಾಡಲು ಶುರು ಮಾಡಿದ್ದಳು.

ಜನವರಿಯಲ್ಲಿ ಅದೇ ಮಠದ ಗವಿಸಿದ್ಧೇಶ್ವರ ಜಾತ್ರೆ. ಸುತ್ತಲಿನ ಊರಿನವರು ಮನೆಮನೆಯಲ್ಲಿ ಜೋಳದ ರೊಟ್ಟಿ ಬಡಿದು ಟ್ರ್ಯಾಕ್ಟರಿನಲ್ಲಿ ದಾಸೋಹಕ್ಕೆ ತಂದು ಕೊಡುತ್ತಾರೆ. ಲಕ್ಷಗಟ್ಟಲೆ ರೊಟ್ಟಿ. ನಮ್ಮ ವಾರ್ಡಿನಲ್ಲಿದ್ದು ಹೋದವರು ಆ ಸಾಲಿನಲ್ಲಿ ಕಂಡು "ಆರಾಮದೀವ್ರಿ" ಅಂತ ಕೂಗಿ ಹೇಳುತ್ತಾರೆ. ಮುಂದಿನ ಜಾತ್ರೆ ಹೊತ್ತಿಗೆ ನಮಗೆ ಟೆಸ್ಟ್ ಇದ್ದರೂ ಇರಬಹುದು. ಇರಲಿ, ಒಂದು ಸಂಜೆ ದಾಸೋಹದಲ್ಲಿ ಬಡಿಸಲು ಹೋಗುವುದು ಅಂತ ರೂಮಿನವರೆಲ್ಲ ಈಗಲೇ ಮಾತಾಡಿಕೊಂಡಿದ್ದೇವೆ. ಪುತ್ತೂರಿನವಳಿಗೆ ರೊಟ್ಟಿ ಬಡಿಸುವ ಕೆಲಸ, ನನಗೆ ಪಲ್ಯ.